ನರ, ನಾಡಿ, ಮಜ್ಜೆ: ಕನ್ನಡದ ನರರೋಗ ಪರಿಭಾಷೆಯ ಒಂದು ಪರಾಮರ್ಶೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಪರಿಭಾಷೆಯ ಚರ್ಚೆಗೆ ಎಡೆಯುಂಟೇ ಎಂದು ಕೆಲವು ವಾಚಕರು ಕೇಳಬಹುದು. ಕಾವ್ಯದಲ್ಲಿ ಬಳಕೆಯಾದ ಪದದ ಔಚಿತ್ಯವನ್ನು ತೂಗಿ ನೋಡುವುದು ವಿಮರ್ಶೆಯ ಮೊದಲ ಕೆಲಸವೆಂದು ನಾವೆಲ್ಲ ಒಪ್ಪುತ್ತೇವೆ. ಕಾಯಿಲೆಗೆ ಇಟ್ಟ ಹೆಸರೂ ಪದವೇ. ಕಾವ್ಯದಲ್ಲಿ ಪದ ತಪ್ಪಿದರೆ ರಸಭಂಗವಾಗುತ್ತದೆ. ಕಾಯಿಲೆಯ ಹೆಸರು ತಪ್ಪಿದರೆ ಒಂದು ಮನೆಯ ಹೊಣೆಗಾರನ ಕೈಕಾಲು ಬೀಳಬಹುದು, ಒಂದು ಮಗುವಿನ ಶಾಲೆ ನಿಲ್ಲಬಹುದು. ಆದುದರಿಂದ ಈ ಪದಗಳನ್ನೂ ವಿಮರ್ಶೆಯ ತಕ್ಕಡಿಯಲ್ಲಿಡುವುದು ಅಗತ್ಯವೆಂದು ಭಾವಿಸುತ್ತೇನೆ.

ಗಡಿನಾಡಿನವರಾದ ನಮಗೆ ಈ ಅಗತ್ಯ ಇನ್ನೂ ಹೆಚ್ಚಿನದು. ಕಾಸರಗೋಡಿನ ಒಂದು ಮನೆಯಲ್ಲಿ ಆಡುವ ಮಾತು ಕನ್ನಡವೋ ತುಳುವೋ ಆಗಿರುತ್ತದೆ. ಶಾಲೆಯ ಪಾಠ ಕನ್ನಡದಲ್ಲಿರುತ್ತದೆ. ಸರಕಾರಿ ಆಸ್ಪತ್ರೆಯ ಫಲಕ ಮಲಯಾಳದಲ್ಲಿರುತ್ತದೆ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಹೊಸೂರು, ಆದೋನಿ, ಸೊಲ್ಲಾಪುರಗಳ ನಮ್ಮ ಬಂಧುಗಳ ಪಾಡೂ ಬೇರೆಯಲ್ಲ. ಫಲಕದ ಭಾಷೆ ಮಾತ್ರ ಬೇರೆ. ಎಲ್ಲ ಕಾಯಿಲೆಗಳಲ್ಲಿಯೂ ಈ ತೊಡಕು ಉಂಟಾದರೂ ಮಿದುಳು ಮತ್ತು ನರಗಳ ಕಾಯಿಲೆಗಳಲ್ಲಿ ಅದು ವಿಶೇಷವಾಗಿ ಕಾಡುತ್ತದೆ. ಮುರಿದ ಮೂಳೆಯನ್ನು ಬೆರಳಿಟ್ಟು ತೋರಿಸಬಹುದು. ನರದ ಬೇನೆಯನ್ನು ಮಾತಿನಲ್ಲಿಯೇ ಹೇಳಬೇಕು.

ಪ್ರಸ್ತುತ ಲೇಖನದಲ್ಲಿ ಪ್ರತಿಯೊಂದು ಪದಕ್ಕೂ ಮೂರು ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಕಾಯಿಲೆ ಯಾವ ಅಂಗದ್ದೆಂದು ಪದವು ಸರಿಯಾಗಿ ಸೂಚಿಸುತ್ತದೆಯೇ? ಮನೆಯವರು ಮುಂದೇನು ಮಾಡಬೇಕೆಂಬುದಕ್ಕೆ ಅದು ನೆರವಾಗುತ್ತದೆಯೇ? ರೋಗಿಯ ಮಾನವನ್ನು ಅದು ಕಾಯುತ್ತದೆಯೇ? ಪದ ಸಂಸ್ಕೃತದ್ದೋ ಅಚ್ಚಗನ್ನಡವೋ ಇಂಗ್ಲಿಷೋ ಎಂಬ ಪ್ರಶ್ನೆ ಇವುಗಳ ನಂತರದ್ದು.

ಪದಗಳು ಬಂದ ದಾರಿಗಳು

ನಮ್ಮ ನರರೋಗ ಪರಿಭಾಷೆ ಮುಖ್ಯವಾಗಿ ಮೂರು ದಾರಿಗಳಿಂದ ಬಂದಿದೆ. ಮೊದಲನೆಯದು ಆಯುರ್ವೇದ. ಪಕ್ಷಾಘಾತ, ಅರ್ದಿತ, ಗೃಧ್ರಸಿ, ಅಪಸ್ಮಾರ ಮುಂತಾದ ಹೆಸರುಗಳು ಅಲ್ಲಿಂದ ಬಂದವು. ಎರಡನೆಯದು ಶಾಲಾ ಪಠ್ಯ ಮತ್ತು ವಿಶ್ವವಿದ್ಯಾನಿಲಯಗಳ ಪದಕೋಶ. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ನರಕೋಶ, ಪರಾವರ್ತಿತ ಕ್ರಿಯೆ ಇಲ್ಲಿನವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಡಾ. ಡಿ.ಎಸ್. ಶಿವಪ್ಪನವರ ವೈದ್ಯ ಪದಕೋಶದ ದುಡಿಮೆ, ಡಾ. ಎಂ. ಶಿವರಾಂ ಅವರ ಮನಸ್ಸಿನ ಕುರಿತ ಬರಹಗಳು, ಡಾ. ಪಿ.ಎಸ್. ಶಂಕರ್ ಮತ್ತು ಡಾ. ಸಿ.ಆರ್. ಚಂದ್ರಶೇಖರ್ ಅವರ ಜನಪ್ರಿಯ ವೈದ್ಯ ಕೃತಿಗಳು ಈ ದಾರಿಯನ್ನು ಅಗಲಗೊಳಿಸಿದವು. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತುದು, ವೈದ್ಯ ಬರಹವೂ ಸಾಹಿತ್ಯವಾಗಬಲ್ಲುದೆಂಬುದಕ್ಕೆ ಸಾಕ್ಷಿ. ಮೂರನೆಯ ದಾರಿ ಇಂಗ್ಲಿಷ್: ಫಿಟ್ಸ್, ಸ್ಟ್ರೋಕ್, ಮೈಗ್ರೇನ್, ಪಾರ್ಕಿನ್ಸನ್.

ಇತ್ತೀಚೆಗೆ ನಾಲ್ಕನೆಯ ದಾರಿಯೊಂದು ತೆರೆದಿದೆ. ಅದು ಯಂತ್ರದ ಅನುವಾದ. ಫಿಟ್ಸ್ ಬರುವುದನ್ನು ಅದು ‘ರೋಗಗ್ರಸ್ತವಾಗುವಿಕೆ’ ಎನ್ನುತ್ತದೆ. ಯಾವ ರೋಗವಾದರೇನು, ರೋಗ ಬಂದವರೆಲ್ಲ ರೋಗಗ್ರಸ್ತರೇ ತಾನೆ? ಇಂಥ ಪದವು ಮೇಲಿನ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರಿಸದು. ಯಂತ್ರವನ್ನು ದೂರಿ ಫಲವಿಲ್ಲ. ಅದನ್ನು ಓದಿ ನೋಡದೆ ಕರಪತ್ರದಲ್ಲಿ ಅಚ್ಚು ಹಾಕಿಸುವವರು ಮನುಷ್ಯರೇ.

‘ನರ’ ಎಂಬ ಪದದ ಭಾರ

ಈ ಶಾಸ್ತ್ರದ ಮೂಲಪದವೇ ನಮ್ಮಲ್ಲಿ ಅಸ್ಪಷ್ಟವಾಗಿದೆ. ಚುಚ್ಚುಮದ್ದು ಕೊಡುವಾಗ ‘ನರ ಸಿಗುತ್ತಿಲ್ಲ’ ಎನ್ನುತ್ತಾರೆ, ಅದು ರಕ್ತನಾಳ. ಕಾಲು ಉಳುಕಿದಾಗ ‘ನರ ಎಳೆದಿದೆ’ ಎನ್ನುತ್ತಾರೆ. ಅದು ಸ್ನಾಯು ಇಲ್ಲವೆ ಸ್ನಾಯುವಿನ ಕಟ್ಟು. ಮುಂಗೈಯಲ್ಲಿ ಉಬ್ಬಿ ಕಾಣುವ ನೀಲಿ ಗೆರೆಯೂ ನರ, ಮಿದುಳಿನಿಂದ ಆಜ್ಞೆಯನ್ನು ಒಯ್ಯುವ ತಂತುವೂ ನರ. ಹೀಗಾಗಿ ‘ನರದ ತೊಂದರೆ’ ಎಂದು ವೈದ್ಯರು ಹೇಳಿದರೆ, ರಕ್ತ ಕೆಟ್ಟಿದೆಯೆಂದೋ ರಕ್ತ ಕಟ್ಟಿದೆಯೆಂದೋ ಮನೆಯವರು ತಿಳಿಯುತ್ತಾರೆ.

ಇದು ಕನ್ನಡದ ಬಡತನವೆಂದು ಕುಗ್ಗಬೇಕಾಗಿಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಪದಕ್ಕೂ ಮೂಲದಲ್ಲಿ ಸ್ನಾಯುರಜ್ಜು ಎಂಬ ಅರ್ಥವಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬ ವೈದ್ಯರು ದೇಹವನ್ನು ಕೊಯ್ದು ನೋಡಿ ನರಗಳನ್ನು ಬೇರ್ಪಡಿಸಿ ಗುರುತಿಸಿದರು. ಕಾಲಕ್ರಮದಲ್ಲಿ ಹಳೆಯ ಪದಕ್ಕೆ ಖಚಿತವಾದ ಅರ್ಥ ನೆಲೆಗೊಂಡಿತು. ಪದವನ್ನು ಬಿಡಬೇಕಾಗಲಿಲ್ಲ, ಅದರ ಬಳಕೆಯನ್ನು ಬಿಗಿಗೊಳಿಸಿದರೆ ಸಾಕಾಯಿತು. ನಮಗೂ ಅಷ್ಟೇ ಸಾಕು. ರಕ್ತ ಹರಿಯುವುದಕ್ಕೆ ‘ರಕ್ತನಾಳ’, ಸಂದೇಶ ಹರಿಯುವುದಕ್ಕೆ ‘ನರ’ ಎಂದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಔಷಧಾಲಯದಲ್ಲಿ ಬಿಡದೆ ಬಳಸುವುದೇ ಮಾರ್ಗ.

ಗಡಿ ದಾಟಿದರೆ ಗೊಂದಲ ಇನ್ನೊಂದು ಬಗೆಯದು. ಮಲಯಾಳದ ಪಠ್ಯದಲ್ಲಿ ನರಕ್ಕೆ ‘ನಾಡಿ’ ಎನ್ನುತ್ತಾರೆ, ನರಮಂಡಲವು ‘ನಾಡೀವ್ಯವಸ್ಥ’. ತೆಲುಗಿನಲ್ಲೂ ‘ನಾಡೀ ವ್ಯವಸ್ಥ’. ಕನ್ನಡಿಗನಿಗೆ ನಾಡಿಯೆಂದರೆ ವೈದ್ಯರು ಮಣಿಕಟ್ಟಿನಲ್ಲಿ ಹಿಡಿದು ನೋಡುವ ಮಿಡಿತ. ಮರಾಠಿಯಲ್ಲಿ ನರಮಂಡಲವು ‘ಮಜ್ಜಾಸಂಸ್ಥಾ’, ನರವು ‘ಮಜ್ಜಾತಂತು’. ಕನ್ನಡದಲ್ಲಿ ಮಜ್ಜೆಯೆಂದರೆ ಮೂಳೆಯೊಳಗಿನ ನೆಣ. ಜತ್ತದ ಕನ್ನಡಿಗನೊಬ್ಬ ‘ಮಜ್ಜೆಯ ಕಾಯಿಲೆ’ ಎಂದು ಕೇಳಿ ರಕ್ತದ ರೋಗವೆಂದು ಹೆದರಿದರೆ ಅದು ಅವನ ಅಜ್ಞಾನವಲ್ಲ. ಎರಡು ಭಾಷೆಗಳು ಒಂದೇ ಸಂಸ್ಕೃತ ಪದವನ್ನು ಎರಡು ಅಂಗಗಳಿಗೆ ಇಟ್ಟುಕೊಂಡುದರ ಫಲವಿದು. ಸಂಸ್ಕೃತ ಪದಗಳು ಭಾರತೀಯರಿಗೆಲ್ಲ ಸಮಾನವಾಗಿ ತಿಳಿಯುತ್ತವೆಂಬ ನಂಬಿಕೆ ಎಲ್ಲೆಡೆ ನಿಲ್ಲದೆಂಬುದಕ್ಕೆ ಗಡಿನಾಡಿನವರೇ ಸಾಕ್ಷಿಗಳು.

‘ನರದೌರ್ಬಲ್ಯ’ದ ಕತೆ ಬೇರೆ. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯ ‘ನ್ಯೂರಸ್ತೇನಿಯಾ’ ಎಂಬ ಹೆಸರನ್ನು ಬಳಕೆಗೆ ತಂದ. ಅದೇ ಅರ್ಥದ ‘ನರದೌರ್ಬಲ್ಯ’ವು ನಮ್ಮಲ್ಲಿ ಗೋಡೆಬರಹದ ಮತ್ತು ವಾರಪತ್ರಿಕೆಯ ಜಾಹೀರಾತಿನ ಸೊತ್ತಾಯಿತು, ತರುಣರ ಅಂಜಿಕೆಯನ್ನು ಹಣವಾಗಿಸುವವರ ಬಂಡವಾಳವಾಯಿತು. ಇದರಿಂದಾದ ಕೇಡೆಂದರೆ, ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಬಲಗುಂದಿದ ಹಿರಿಯರು ಅದನ್ನು ಬಾಯಿಬಿಟ್ಟು ಹೇಳಲು ನಾಚುವಂತಾದುದು. ಈ ಪದವನ್ನು ಕೈಬಿಡುವುದೇ ಲೇಸು. ‘ಸಕ್ಕರೆ ಕಾಯಿಲೆಯಿಂದ ನರಕ್ಕಾದ ಹಾನಿ’ ಎಂದು ಬಿಡಿಸಿ ಹೇಳಿದರೆ ಯಾವ ನಷ್ಟವೂ ಇಲ್ಲ.

ಪಾರ್ಶ್ವವಾಯುವೋ, ಮಿದುಳಿನ ಆಘಾತವೋ?

ಪದವೊಂದು ಮನುಷ್ಯನ ನಡೆಯನ್ನು ಹೇಗೆ ತಿದ್ದುತ್ತದೆ ಅಥವಾ ಕೆಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಎದೆ ಹಿಡಿದುಕೊಂಡು ಕುಸಿದವರನ್ನು ಕಂಡರೆ ಹಳ್ಳಿಯ ಮುದುಕಿಯೂ ‘ಹೃದಯಾಘಾತ’ ಎನ್ನುತ್ತಾಳೆ, ಕೂಡಲೇ ವಾಹನ ಬರುತ್ತದೆ. ಅದೇ ಮನೆಯಲ್ಲಿ ಒಬ್ಬರ ಬಾಯಿ ಸೊಟ್ಟಗಾಗಿ, ಒಂದು ಕೈ ಜೋಲುಬಿದ್ದು, ಮಾತು ತೊದಲಿದರೆ ‘ಪಾರ್ಶ್ವವಾಯು’ ಎನ್ನುತ್ತಾರೆ. ವಾಯು ಎಂದೊಡನೆ ವಾತದ ನೆನಪಾಗುತ್ತದೆ. ವಾತವೆಂದೊಡನೆ ಎಣ್ಣೆ, ತಿಕ್ಕುವುದು, ಪಥ್ಯ ಇತ್ಯಾದಿ. ಬೆಳಗಾಗಲಿ, ನೋಡೋಣ ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುತ್ತದೆ.

ವಸ್ತುಸ್ಥಿತಿ ಏನು? ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುತ್ತದೆ ಅಥವಾ ನಾಳ ಒಡೆದಿರುತ್ತದೆ. ಕೆಟ್ಟಿರುವುದು ಕೈಯಲ್ಲ, ಮಿದುಳು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬೀಳುತ್ತದೆ. ಹೆಪ್ಪಿನಿಂದಾದ ಆಘಾತವಾಗಿದ್ದಲ್ಲಿ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಲಕ್ಷಣ ತೋರಿದ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಮಾಡಿ, ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗುಡ್ಡದ ಮೇಲಿನ ಮನೆಯಿಂದ ಮಂಗಳೂರಿಗೆ ಹೋಗಬೇಕಾದ ನಮಗೆ ಆ ನಾಲ್ಕೂವರೆ ಗಂಟೆಯಲ್ಲಿ ರಸ್ತೆಯ ಪಾಲೇ ದೊಡ್ಡದು. ಎಣ್ಣೆ ಹುಡುಕಲು ಅದರಲ್ಲಿ ಬಿಡುವಿಲ್ಲ.

‘ಪಕ್ಷಾಘಾತ’ವೆಂಬ ಹಳೆಯ ಪದದಲ್ಲಿ ಆಘಾತ, ಅಂದರೆ ಪೆಟ್ಟು ಎಂಬ ಅರ್ಥವಿದೆ. ಇಂಗ್ಲಿಷಿನ ಸ್ಟ್ರೋಕ್ ಎಂಬುದಕ್ಕೂ ಪೆಟ್ಟೆಂದೇ ಅರ್ಥ. ಮಲಯಾಳವು ‘ಪಕ್ಷಾಘಾತಂ’ ಎಂದು ಆ ಪೆಟ್ಟನ್ನು ಉಳಿಸಿಕೊಂಡಿದೆ. ತಮಿಳಿನ ‘ಪಕ್ಕವಾದಂ’, ತೆಲುಗಿನ ‘ಪಕ್ಷವಾತಂ’, ಮರಾಠಿಯ ‘ಅರ್ಧಾಂಗವಾಯು’ ನಮ್ಮಂತೆಯೇ ಗಾಳಿಯ ಕಡೆಗೆ ವಾಲಿವೆ. ಆದರೆ ಪಕ್ಷಾಘಾತದಲ್ಲಿಯೂ ಮಿದುಳಿನ ಸುಳಿವಿಲ್ಲ. ಆದುದರಿಂದ ಘಟನೆಗೆ ‘ಮಿದುಳಿನ ಆಘಾತ’ ಎಂತಲೂ, ಆ ಬಳಿಕ ಉಳಿಯುವ ಅಂಗದೌರ್ಬಲ್ಯಕ್ಕೆ ಮಾತ್ರ ‘ಪಾರ್ಶ್ವವಾಯು’ ಎಂತಲೂ ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ. ಹೃದಯಾಘಾತವು ಕಲಿಸಿಕೊಟ್ಟ ಅವಸರವನ್ನು ಈ ಹೊಸ ಪದವು ಬಿಟ್ಟಿಯಾಗಿ ಪಡೆಯುತ್ತದೆ.

ಇಲ್ಲಿ ಒಂದು ಉಪಕತೆಯಿದೆ. ಉತ್ತರದ ಗಡಿಯಲ್ಲಿ ಬಳಕೆಯಲ್ಲಿರುವ ‘ಲಕ್ವ’ ಅರಬ್ಬಿಯಲ್ಲಿ ಮುಖ ಸೊಟ್ಟಗಾಗುವುದಕ್ಕೆ ಮಾತ್ರ ಸಲ್ಲುತ್ತಿದ್ದ ಪದ. ಆಯುರ್ವೇದದ ‘ಅರ್ದಿತ’ವೂ ಮುಖಕ್ಕೆ ಸಂಬಂಧಿಸಿದ್ದೇ. ಮುಖದ ನರವೊಂದಕ್ಕೇ ತೊಂದರೆಯಾಗಿ, ಕಣ್ಣು ಮುಚ್ಚಲಾಗದೆ ಬಾಯಿ ಸೊಟ್ಟಗಾಗುವ, ಹೆಚ್ಚಿನವರಲ್ಲಿ ಗುಣವಾಗುವ ಕಾಯಿಲೆಯೊಂದುಂಟು. ಹಿಂದಿನವರು ಅದಕ್ಕೆ ಬೇರೆ ಹೆಸರಿಟ್ಟಿದ್ದರು. ನಾವು ಎರಡನ್ನೂ ಬೆರೆಸಿಬಿಟ್ಟೆವು. ಹಾಗೆಂದು ಇದು ಯಾವುದೆಂಬ ತೀರ್ಮಾನವನ್ನು ಮನೆಯಲ್ಲಿ ಮಾಡಬಾರದು. ಅದು ವೈದ್ಯರ ಕೆಲಸ.

ಅಪಸ್ಮಾರ, ಮೂರ್ಛೆ, ಸೆಳೆತ

‘ಅಪಸ್ಮಾರ’ ಎಂದರೆ ಸ್ಮರಣೆ ತೊಲಗುವುದು. ನಟರಾಜನ ಕಾಲಡಿಯ ಕುಳ್ಳನಿಗೂ ಅದೇ ಹೆಸರು. ಹೀಗಾಗಿ ಕಾಯಿಲೆಯ ಜೊತೆಗೆ ಅಜ್ಞಾನದ ಮತ್ತು ಭೂತದ ನೆರಳು ಅಂಟಿಕೊಂಡಿತು. ಗ್ರೀಕರೂ ಇದನ್ನು ಪವಿತ್ರ ರೋಗವೆನ್ನುತ್ತಿದ್ದರು. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದ ಗ್ರಂಥವೊಂದು ಇದು ಬೇರೆ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಇದರ ನೆಲೆ ಮಿದುಳು ಎಂದು ವಾದಿಸಿತು. ನಮ್ಮ ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿ ಕೂರಿಸಿದ್ದ ಮಾತನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯಿದೆ ಬದಲಾಯಿತು, ಹೆಣ್ಣು ನೋಡಲು ಬಂದವರ ಪಿಸುಮಾತು ಬದಲಾಗಿಲ್ಲ.

ಈ ಕಾರಣದಿಂದ ಹಲವರು ‘ಮೂರ್ಛೆರೋಗ’ ಎಂಬ ಮೃದುವಾದ ಪದವನ್ನು ಆರಿಸಿಕೊಂಡರು. ಆದರೆ ಬಿಸಿಲಿನಲ್ಲಿ ನಿಂತು ಕಣ್ಣುಕತ್ತಲೆ ಬಂದು ಬೀಳುವುದೂ ಮೂರ್ಛೆಯೇ. ಎರಡರ ಕಾರಣ ಬೇರೆ, ಚಿಕಿತ್ಸೆ ಬೇರೆ. ‘ಫಿಟ್ಸ್’ ಎಂದರೆ ನೆಲಕ್ಕೆ ಬಿದ್ದು ಕೈಕಾಲು ಒದರುವುದೆಂದೇ ಜನರ ತಿಳಿವಳಿಕೆ. ಅಪಸ್ಮಾರದ ಇನ್ನೊಂದು ಬಗೆಯಲ್ಲಿ ಮಗು ಬೀಳುವುದೇ ಇಲ್ಲ. ಓದುತ್ತಿರುವಾಗ ಕೆಲವು ಕ್ಷಣ ದಿಟ್ಟಿಸಿ ನೋಡುತ್ತ ಸ್ತಬ್ಧವಾಗುತ್ತದೆ, ಮತ್ತೆ ಏನೂ ಆಗದಂತೆ ಓದು ಮುಂದುವರಿಸುತ್ತದೆ. ತರಗತಿಯಲ್ಲಿ ಇದನ್ನು ಗಮನಗೇಡಿತನವೆಂದು ಗದರುವುದು ಸಾಮಾನ್ಯ. ದಿನಕ್ಕೆ ಹಲವು ಸಲ ಹೀಗಾಗುವ ಮಗು ಪಾಠದಲ್ಲಿ ಹಿಂದುಳಿಯುವುದು ಸಹಜ. ಶಿಕ್ಷಕ ಬಂಧುಗಳು ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ತೂಗಿ ನೋಡಿದರೆ ಹಳೆಯ ‘ಅಪಸ್ಮಾರ’ವೇ ಗಟ್ಟಿ. ಬಿದ್ದು ಒದರುವವರಿಗೂ, ದಿಟ್ಟಿಸಿ ನಿಲ್ಲುವ ಮಗುವಿಗೂ ಸಮಾನವಾದದ್ದು ಆ ಹೊತ್ತಿನ ಅರಿವು ಅಳಿಸಿಹೋಗುವುದು. ಅರಿವು ಉಳಿದೇ ಇರುವ ಕೆಲವು ಬಗೆಗಳು ಉಂಟಾದರೂ ಈ ಹೆಸರು ಹೆಚ್ಚಿನವಕ್ಕೆ ಸಲ್ಲುತ್ತದೆ. ಕಾಯಿಲೆಗೆ ಅಪಸ್ಮಾರ, ಕೈಕಾಲು ಒದರುವುದಕ್ಕೆ ಸೆಳೆತ, ರಕ್ತದೊತ್ತಡ ಕುಸಿದು ಬೀಳುವುದಕ್ಕೆ ಮೂರ್ಛೆ ಎಂದು ಹಂಚಿಕೊಂಡರೆ ಮೂರೂ ಪದಗಳು ಉಳಿಯುತ್ತವೆ, ಮೂರಕ್ಕೂ ಕೆಲಸ ಸಿಗುತ್ತದೆ. ‘ಅಪಸ್ಮಾರಿ’ ಎಂದು ಮನುಷ್ಯನಿಗೇ ರೋಗದ ಹೆಸರಿಡುವುದು ಮಾತ್ರ ಬೇಡ. ಸೆಳೆತ ಬಂದವರ ಕೈಗೆ ಬೀಗದಕೈ ಕೊಡುವುದರಿಂದ ಏನೂ ಆಗದು. ಬಾಯಿಗೆ ಏನನ್ನೂ ತುರುಕದೆ, ಅದುಮಿ ಹಿಡಿಯದೆ, ಮಗ್ಗುಲಿಗೆ ಮಲಗಿಸಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮಣ್ಣಿನ ಮಕ್ಕಳು

ಕಾಸರಗೋಡಿನಲ್ಲಿ ನರರೋಗದ ಮಾತೆತ್ತಿದರೆ ಎಂಡೋಸಲ್ಫಾನನ್ನು ದಾಟಿ ಹೋಗಲಾಗದು. ಎಣ್ಮಕಜೆ, ಬೆಳ್ಳೂರು ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಪರೀತವನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನವು ಆ ಊರಿನ ಮಕ್ಕಳಲ್ಲಿ ನರಸಂಬಂಧಿ ತೊಂದರೆಗಳು ಹೆಚ್ಚೆಂದು ವರದಿ ಮಾಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಬಳಕೆಯನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಪರಿಭಾಷೆಯ ದೃಷ್ಟಿಯಿಂದ ನೋಡಿದರೆ, ಅಷ್ಟು ವರ್ಷ ಆ ಮನೆಗಳಲ್ಲಿ ಕಾಯಿಲೆಗೆ ಇದ್ದ ಹೆಸರು ‘ಶಾಪ’. ಸರಿಯಾದ ಹೆಸರಿಲ್ಲದ ಕಡೆ ದೈವದ ಮೇಲೆ ಹೊಣೆ ಬೀಳುತ್ತದೆ, ಸಿಂಪಡಿಸಿದವರ ಮೇಲೆ ಬೀಳುವುದಿಲ್ಲ. ಈ ವಿಷ ಮಾಡುವ ಕೆಲಸವನ್ನು ಸರಳ ಕನ್ನಡದಲ್ಲಿ ಹೇಳಬಹುದು: ಮಿದುಳಿನಲ್ಲಿ ಕೆರಳಿಸುವ ಸಂದೇಶಗಳೂ ತಡೆಯುವ ಸಂದೇಶಗಳೂ ಇರುತ್ತವೆ, ಗಾಬಾ ಎಂಬ ರಾಸಾಯನಿಕವು ತಡೆಯುವ ಕೆಲಸ ಮಾಡುತ್ತದೆ, ಎಂಡೋಸಲ್ಫಾನ್ ಆ ತಡೆಯನ್ನೇ ಕಟ್ಟಿಹಾಕುವುದರಿಂದ ಸೆಳೆತ ಬರುತ್ತದೆ. ಏಳನೆಯ ತರಗತಿಯ ಮಗುವಿಗೂ ಇದು ತಿಳಿಯುತ್ತದೆ.

ಸೆರೆಬ್ರಲ್ ಪಾಲ್ಸಿಗೆ ಕನ್ನಡದ ಕೆಲವು ಪಟ್ಟಿಗಳಲ್ಲಿ ಕಾಣುವ ‘ಮೆದುಳಿನ ಪಾರ್ಶ್ವವಾಯು’ ಎಂಬ ಪದ ಒಪ್ಪತಕ್ಕದ್ದಲ್ಲ. ಇದು ಬೆಳೆಯುತ್ತಿರುವ ಮಿದುಳಿಗೆ ಎಳವೆಯಲ್ಲೇ ಆದ ಹಾನಿಯಿಂದ ಚಲನೆ ಮತ್ತು ನಿಲುವು ಕೆಡುವ ಸ್ಥಿತಿ. ಅದು ಒಂದು ಪಾರ್ಶ್ವಕ್ಕೇ ಸೀಮಿತವಾಗಬೇಕಾಗಿಲ್ಲ, ವಾಯುವಂತೂ ಅಲ್ಲವೇ ಅಲ್ಲ. ಇದಕ್ಕಿಂತಲೂ ಕೆಟ್ಟದ್ದು, ಇಂಥ ಮಕ್ಕಳನ್ನೆಲ್ಲ ‘ಬುದ್ಧಿಮಾಂದ್ಯ’ರ ಸಾಲಿಗೆ ಸೇರಿಸುವುದು. ಮಾತು ತೊದಲುವ, ಕೈ ಮಾತು ಕೇಳದ ಮಗುವಿನ ಬುದ್ಧಿ ಚುರುಕಾಗಿರುವುದುಂಟು. ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸಿ, ಬರೆಯಲಾಗದೆ ಸೋಲುವ ಮಕ್ಕಳನ್ನು ಶಾಲೆಗಳು ಕಂಡಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಬೇರೆಬೇರೆಯಾಗಿ ಹೆಸರಿಸಿದೆ. ಅಂಥಲ್ಲಿ ಹೆಸರು ತಪ್ಪಿದರೆ ಹಕ್ಕೂ ತಪ್ಪುತ್ತದೆ. ತಕ್ಕ ಕನ್ನಡ ಪದ ನೆಲೆಗೊಳ್ಳುವವರೆಗೆ ‘ಸೆರೆಬ್ರಲ್ ಪಾಲ್ಸಿ’ ಎಂಬುದನ್ನೇ ಕನ್ನಡ ಲಿಪಿಯಲ್ಲಿ ಬಳಸುವುದು ಯೋಗ್ಯ. ಮಾನ ಕಳೆಯುವ ಸ್ವಭಾಷೆಯ ಪದಕ್ಕಿಂತ ಮಾನ ಉಳಿಸುವ ಪರಭಾಷೆಯ ಪದ ಮೇಲು.

ಮುಪ್ಪಿನ ಪದಗಳು

ನನ್ನ ವಯಸ್ಸಿನವರಿಗೆ ಹತ್ತಿರವಾದ ಎರಡು ಪದಗಳನ್ನು ಸಂಕ್ಷೇಪವಾಗಿ ನೋಡೋಣ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಸ್ಥಿತಿಯನ್ನು ವರ್ಣಿಸಿ, ನಡುಗುವ ಪಾರ್ಶ್ವವಾಯು ಎಂಬರ್ಥದ ಹೆಸರಿಟ್ಟರು. ನಮ್ಮ ‘ಕಂಪವಾತ’ ಅದಕ್ಕೆ ಸರಿಸಾಟಿ. ಆದರೆ ನಡುಕವಿಲ್ಲದೆ ಬರಿಯ ನಿಧಾನ ಮತ್ತು ಬಿಗಿತದಿಂದ ತೊಡಗುವ ಪಾರ್ಕಿನ್ಸನ್ ಕೂಡ ಉಂಟು. ನಡುಕವನ್ನೇ ಕಾಯುತ್ತ ಕುಳಿತರೆ ಮನೆಯವರು ಅದನ್ನು ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಹಾಕುತ್ತಾರೆ. ಇಲ್ಲಿ ವ್ಯಕ್ತಿನಾಮವೇ ಹೆಚ್ಚು ನಿಷ್ಪಕ್ಷಪಾತಿ.

ಡಿಮೆನ್ಷಿಯಾಕ್ಕೆ ಯಂತ್ರದ ಅನುವಾದವು ಹಲವೊಮ್ಮೆ ‘ಬುದ್ಧಿಮಾಂದ್ಯತೆ’ ಎಂಬ ಪದವನ್ನೇ ಕೊಡುತ್ತದೆ. ಹುಟ್ಟಿನಿಂದ ಬಂದ ಸ್ಥಿತಿಗೂ, ಎಂಬತ್ತು ವರ್ಷ ಬಾಳಿ ಬೆಳಗಿದ ಬುದ್ಧಿ ಆರುತ್ತ ಬರುವುದಕ್ಕೂ ಒಂದೇ ಹೆಸರಿಟ್ಟರೆ ಇಬ್ಬರಿಗೂ ಅನ್ಯಾಯ. ‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆ ಅದನ್ನು ವಯೋಸಹಜವೆಂದು ನಗೆಯಲ್ಲಿ ತೇಲಿಸುತ್ತದೆ. ‘ಮರೆವಿನ ಕಾಯಿಲೆ’ ಎಂಬ ಸರಳ ಪದದಲ್ಲಿ ಕಾಯಿಲೆಯೆಂಬ ಅರಿವೂ ಇದೆ, ಹಿರಿಯರ ಮರ್ಯಾದೆಯೂ ಉಳಿಯುತ್ತದೆ. ದಾರಿ ತಪ್ಪುವುದು, ಮಾತು ತಡಕುವುದು, ಸ್ವಭಾವ ಬದಲಾಗುವುದು ಅದರೊಳಗೆ ಸೇರುತ್ತವೆಂದು ತಿಳಿಸಿಹೇಳಿದರಾಯಿತು.

ಮನೆಮಾತಿನ ಸಂಪತ್ತು

ಇದುವರೆಗೆ ಕೊರತೆಗಳನ್ನು ಹೇಳಿದೆ. ರೋಗಗಳ ಹೆಸರಿನಲ್ಲಿ ತಡವರಿಸುವ ಕನ್ನಡವು ರೋಗಲಕ್ಷಣಗಳನ್ನು ಹೇಳುವಾಗ ಬೆರಗಾಗುವಷ್ಟು ಖಚಿತವಾಗಿದೆ. ಕೈ ಜೋಮು ಹಿಡಿಯುವುದು ಬೇರೆ, ಮರಗಟ್ಟುವುದು ಬೇರೆ, ಜುಮ್ಮೆನ್ನುವುದು ಬೇರೆ. ಬೆನ್ನಿನಿಂದ ಕಾಲಿಗೆ ಮಿಂಚಿನಂತೆ ಇಳಿಯುವ ಚಳುಕು ಬೇರೆ, ಸ್ನಾಯು ಹಿಡಿದ ನೋವು ಬೇರೆ. ಸುತ್ತಲಿನ ಮನೆಯೇ ತಿರುಗಿದಂತಾಗುವ ತಲೆತಿರುಗು, ಎದ್ದು ನಿಂತೊಡನೆ ಬರುವ ಕಣ್ಣುಕತ್ತಲೆ, ನಡೆಯುವಾಗಿನ ತೂರಾಟ, ಇವು ಮೂರು ಬೇರೆಬೇರೆ ಕಾರಣಗಳನ್ನು ಸೂಚಿಸುತ್ತವೆ. ಇಂಗ್ಲಿಷ್ ಬಲ್ಲ ರೋಗಿ ಎಲ್ಲಕ್ಕೂ ‘ಗಿಡಿನೆಸ್’ ಎಂದು ಕೈತೊಳೆದುಕೊಂಡರೆ, ಅಕ್ಷರ ಬಾರದ ಅಜ್ಜಿ ಅವನ್ನು ಬಿಡಿಸಿ ಹೇಳಬಲ್ಲಳು. ‘ಬಲವಿಲ್ಲ’ ಮತ್ತು ‘ಮುಟ್ಟಿದ್ದು ತಿಳಿಯುವುದಿಲ್ಲ’ ಎಂಬೆರಡು ಮಾತುಗಳ ನಡುವಿನ ಅಂತರದಲ್ಲಿ ವೈದ್ಯರಿಗೆ ಅರ್ಧ ರೋಗನಿರ್ಣಯ ಸಿಕ್ಕಿಬಿಡುತ್ತದೆ.

ಪರಿಭಾಷೆ ಕಟ್ಟಿದವರು ಈ ಕಡೆ ಸಾಕಷ್ಟು ಕಣ್ಣು ಹಾಯಿಸಲಿಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಗೆದ್ದಿದ್ದಾರೆ. ‘ಬೆನ್ನುಹುರಿ’ ಎಂಬ ಪದವನ್ನು ಕೇಳಿದವರಿಗೆ ಬೇರೆ ವಿವರಣೆ ಬೇಡ. ‘ಅರೆತಲೆನೋವು’ ಮೈಗ್ರೇನಿನ ಗ್ರೀಕ್ ಮೂಲದ ಅರ್ಥವನ್ನೇ, ಅಂದರೆ ಅರ್ಧ ತಲೆ ಎಂಬುದನ್ನೇ ಹೇಳುತ್ತದೆ. ಊತ-ಉರಿಗಳ ಕಾಯಿಲೆಗಳಿಗೆ ‘ಉರಿತ’ ಎಂಬ ಉತ್ತರಪದವನ್ನು ಇಟ್ಟುಕೊಂಡು ‘ಮಿದುಳುರಿತ’, ‘ಮಿದುಳುಪೊರೆಯುರಿತ’ ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಜಾಣತನ. ಇವುಗಳ ಎದುರು ‘ಅನುಮಸ್ತಿಷ್ಕವು ದೇಹದ ಸಮತೋಲನವನ್ನು ಕಾಪಾಡುತ್ತದೆ’ ಎಂದು ಬರೆದು ಅಂಕ ಗಳಿಸಿದ ವಿದ್ಯಾರ್ಥಿಗೆ, ತನ್ನ ಅಜ್ಜನ ತೂರಾಟಕ್ಕೂ ಆ ವಾಕ್ಯಕ್ಕೂ ಸಂಬಂಧವಿರಬಹುದೆಂಬುದು ಹೊಳೆಯುವುದಿಲ್ಲ.

ಸಂಘಕ್ಕೆ ಒಂದು ಸೂಚನೆ

ಗಡಿನಾಡಿನ ಸಂಘಗಳು ಮಾಡಬಹುದಾದ ಕೆಲಸವೊಂದಿದೆ. ಮಿದುಳಿನ ಆಘಾತ, ಅಪಸ್ಮಾರ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್, ಮರೆವಿನ ಕಾಯಿಲೆ ಮುಂತಾದ ಇಪ್ಪತ್ತು ಹೆಸರುಗಳನ್ನೂ ಜೋಮು, ಚಳುಕು, ತೊದಲು ಮುಂತಾದ ಮೂವತ್ತು ಲಕ್ಷಣಪದಗಳನ್ನೂ ಆಯ್ದು, ಎದುರಿಗೆ ಆಯಾ ರಾಜ್ಯದ ಭಾಷೆಯ ಪದವನ್ನು ಕನ್ನಡ ಲಿಪಿಯಲ್ಲಿಯೂ ಆ ಭಾಷೆಯ ಲಿಪಿಯಲ್ಲಿಯೂ ಬರೆದು, ವೈದ್ಯರೊಬ್ಬರಿಂದ ತಿದ್ದಿಸಿ ಒಂದು ಹಾಳೆಯಾಗಿ ಅಚ್ಚು ಹಾಕಿಸುವುದು. ಅದರ ನೆತ್ತಿಯಲ್ಲಿ ಈ ಸಾಲಿರಲಿ: ಮುಖ ಸೊಟ್ಟ, ಕೈ ಜೋಲು, ಮಾತು ತೊದಲು, ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ, ಲಕ್ಷಣ ತೋರಿದ ಗಂಟೆಯನ್ನು ಬರೆದಿಟ್ಟುಕೊಳ್ಳಿ.

ನಿವೃತ್ತ ಶಿಕ್ಷಕರು, ದಾದಿಯರು, ಆಶಾ ಕಾರ್ಯಕರ್ತೆಯರು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ನಾಲ್ಕು ಭಾನುವಾರ ಕುಳಿತರೆ ಕರಡು ಸಿದ್ಧವಾದೀತು. ಮುಂದಿನ ಸಮ್ಮೇಳನದ ಹೊತ್ತಿಗೆ ಆ ಹಾಳೆ ಪ್ರತಿ ಸದಸ್ಯರ ಮನೆಯ ಪಂಚಾಂಗದ ಪಕ್ಕದಲ್ಲಿ ತೂಗುವಂತಾದರೆ, ಕನ್ನಡ ಉಳಿಸಿರೆಂದು ನಾವು ವೇದಿಕೆಯಲ್ಲಿ ಆಡುವ ಮಾತಿಗೆ ಮನೆಮನೆಯಲ್ಲಿ ಒಂದು ಆಧಾರ ದೊರೆಯುತ್ತದೆ.